ಹುಣಸೆಹುಳಿಯಲ್ಲಿ ತೊಳೆದ ಸೂಕ್ಷ್ಮದರ್ಶಕ

ನಾನು ಆಲಮಟ್ಟಿಯ ಕಾಲುವೆ ಕಚೇರಿಯಲ್ಲಿ ನಕ್ಷೆ ಬರೆಯುವವನು. ಮನೆ ಬಸವನ ಬಾಗೇವಾಡಿಯಲ್ಲಿ. ಈಗ ನಕ್ಷೆಗಳನ್ನು ಕಂಪ್ಯೂಟರೇ ಬರೆಯುತ್ತದೆ, ಅದು ಬರೆದದ್ದರಲ್ಲಿ ನಾನು ತಪ್ಪು ಹುಡುಕುತ್ತೇನೆ. ಆ ಕೆಲಸಕ್ಕೆ ನನಗಿಂತ ತಕ್ಕವನು ಸಿಗಲಿಕ್ಕಿಲ್ಲ. ಗೋಡೆಯ ಮೇಲಿನ ಕ್ಯಾಲೆಂಡರ್ ಕೂದಲೆಳೆಯಷ್ಟು ವಾಲಿದ್ದರೂ ನನಗೆ ಊಟ ಸೇರುವುದಿಲ್ಲ. ಹೆಂಡತಿ ಇದನ್ನು ರೋಗ ಎನ್ನುತ್ತಾಳೆ, ನಾನು ಶಿಸ್ತು ಎಂದು ಹೇಳಿಕೊಂಡು ತಿರುಗುತ್ತಿದ್ದೆ.

ಸೂಕ್ಷ್ಮದರ್ಶಕದ ಹುಚ್ಚು ಜ್ವರದ ಜೊತೆಗೆ ಬಂತು. ಕಾಲುವೆಯ ಅಳತೆಗೆಂದು ಸಿಂದಗಿಗೆ ಹೋದಾಗ ಮೈ ಸುಡತೊಡಗಿ, ಅಲ್ಲಿನ ಒಂದು ಸಣ್ಣ ರಕ್ತಪರೀಕ್ಷೆಯ ಕೋಣೆಗೆ ಹೋಗಿ ಬೆರಳು ಚುಚ್ಚಿಸಿಕೊಂಡೆ. ಕೋಣೆಯ ಯಜಮಾನರು ಸಿಂದಗಿಯಲ್ಲೇ ತಲೆತಲಾಂತರದಿಂದ ಬಾಳಿದ ಮುಸ್ಲಿಂ ಮನೆತನದವರು, ಊರವರ ಬಾಯಲ್ಲಿ ಲ್ಯಾಬ್ ಸಾಹೇಬರು. ಗಾಜಿನ ಪಟ್ಟಿಯ ಮೇಲೆ ನನ್ನ ರಕ್ತ ಸವರಿ, ಒಣಗಿಸಿ, ಬಣ್ಣ ಹಾಕಿ, ಹಿತ್ತಾಳೆಯ ಸೂಕ್ಷ್ಮದರ್ಶಕದ ಕೆಳಗಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ "ನಿಮ್ಮದ ರಕ್ತ, ನೀವೂ ಒಮ್ಮಿ ನೋಡ್ರಿ" ಎಂದು ಸ್ಟೂಲು ಬಿಟ್ಟುಕೊಟ್ಟರು. ಗುಲಾಬಿ ಬಣ್ಣದ ಲೆಕ್ಕವಿಲ್ಲದಷ್ಟು ಬಿಲ್ಲೆಗಳು. ಆ ಜ್ವರದಲ್ಲೂ ನನ್ನ ಗಮನ ಹೋದದ್ದು ಅವುಗಳ ಅಂಚಿನ ಕಡೆಗೆ. ಅಷ್ಟು ತೆಳ್ಳಗಿನ ಗೆರೆಯನ್ನು ನನ್ನ ಯಾವ ಪೆನ್ನೂ ಎಳೆದಿರಲಿಲ್ಲ. ಮಲೇರಿಯಾ ಇರಲಿಲ್ಲ. ನಾಲ್ಕು ದಿನಕ್ಕೆ ಜ್ವರ ಬಿಟ್ಟಿತು, ಹುಚ್ಚು ಬಿಡಲಿಲ್ಲ.

ಅಲ್ಲಿಂದ ಮುಂದೆ ರಜೆ ಸಿಕ್ಕಾಗಲೆಲ್ಲ ಸಿಂದಗಿಯ ಬಸ್ಸು ಹತ್ತುತ್ತಿದ್ದೆ. ಆಲಮಟ್ಟಿ ಹಿನ್ನೀರನ್ನು ಔಷಧಿಯ ಸಣ್ಣ ಶೀಶೆಯಲ್ಲಿ ತುಂಬಿಕೊಂಡು, ಇಂಡಿಯ ಸಂತೆಯಿಂದ ನಂಜು ಹತ್ತಿದ ಲಿಂಬೆಯ ಎಲೆ ಹಿಡಿದುಕೊಂಡು ಹೋದರೆ ಸಾಹೇಬರು ನಗದೆ ನೋಡಲು ಕೊಡುತ್ತಿದ್ದರು. ಆ ಉಪಕರಣವನ್ನು ಅವರು ಹರೆಯದಲ್ಲಿ ಮುದ್ದೇಬಿಹಾಳದ ಒಬ್ಬ ಡಾಕ್ಟರರಿಂದ ತಂದದ್ದು. ಕಾಲ ಬದಲಾಯಿತು. ರಕ್ತ ಹಾಕಿದರೆ ಕಾಗದ ಕೊಡುವ ಯಂತ್ರಗಳು ಎಲ್ಲ ಊರಿಗೂ ಬಂದವು. ಹೋದ ವರ್ಷ ಬೇಸಿಗೆಯಲ್ಲಿ ಅವರು ಕೋಣೆ ಮುಚ್ಚಿದರು. "ಮನ್ಯಾಗ ಇಟ್ರ ಧೂಳ ತಿಂತೈತಿ, ನಿಮ್ಮ ಕಡೆ ಇರಲಿ" ಎಂದು ಸೂಕ್ಷ್ಮದರ್ಶಕವನ್ನು ಹಳೆ ಟವೆಲ್ಲಿನಲ್ಲಿ ಸುತ್ತಿ ನನ್ನ ತೊಡೆಯ ಮೇಲಿಟ್ಟರು. ಸಿಂದಗಿಯಿಂದ ಬಾಗೇವಾಡಿಯವರೆಗೆ ಅದನ್ನು ಹಾಗೆಯೇ ತೊಡೆಯ ಮೇಲಿಟ್ಟುಕೊಂಡು ಬಂದೆ.

ಮಹಾನವಮಿ ಇನ್ನೊಂದು ವಾರವಿದೆ ಎನ್ನುವಾಗ ಅವರ ಫೋನು ಬಂತು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿದೆ, ಎಡಗಣ್ಣು ಹೋಗಿದೆ, ಬಲಗಣ್ಣು ಎಷ್ಟು ದಿನವೋ ಹೇಳಲಾಗುವುದಿಲ್ಲ ಎಂದು ವಿಜಯಪುರದ ಕಣ್ಣಿನ ಡಾಕ್ಟರು ಹೇಳಿದ್ದರಂತೆ. ಇದನ್ನೆಲ್ಲ ಅವರು ಬೇರೆ ಯಾರದೋ ರಿಪೋರ್ಟು ಓದುವವರಂತೆ ಹೇಳಿದರು. ಆಮೇಲೆ ವಿಷಯಕ್ಕೆ ಬಂದರು. ಅವರ ಹತ್ತಿರ ಒಂದು ಗಾಜಿನ ಪಟ್ಟಿ ಇತ್ತು. ತೀರಿಹೋದ ಹೆಂಡತಿಗೆ ಮದುವೆಯಾದ ಹೊಸತರಲ್ಲಿ ಜ್ವರ ಬಂದಾಗ ತೆಗೆದ ರಕ್ತ. ಅದರಲ್ಲಿ ರೋಗವೇನೂ ಇರಲಿಲ್ಲ, ಆದರೂ ಎಸೆಯಲು ಮನಸ್ಸಾಗದೆ ಹತ್ತಿಯಲ್ಲಿ ಸುತ್ತಿ ಅಡುಗೆಮನೆಯ ದೊಡ್ಡ ಕಡ್ಡಿಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದರು.

"ಅಕಿ ಫೋಟೊ ಅದಾವ್ರಿ ಮನ್ಯಾಗ. ಆದ್ರ ಅವನ್ನ ತಗದವ್ರು ಬ್ಯಾರೆಯವ್ರು. ಇದು ನನ್ನ ಕೈಲೆ ಮಾಡಿದ್ದು. ಕಣ್ಣು ಹೋಗೂದ್ರಾಗ ಒಮ್ಮಿ ನೋಡೂದೈತಿ" ಎಂದರು. ಊರಿನ ಹೊಸ ಲ್ಯಾಬುಗಳಲ್ಲಿ ಕೇಳಬಹುದಿತ್ತು, ಆದರೆ ಅಲ್ಲಿಯ ಹುಡುಗರು ಇದು ಯಾರ ರಕ್ತ, ಯಾಕೆ ಎಂದು ಕೇಳುತ್ತಾರೆ. ಅವರಿಗೆ ಏನು ಹೇಳುವುದು? ನಾನು "ಹಬ್ಬ ಮುಗೀಲಿ, ಬರ್ರಿ" ಎಂದೆ.

ನಮ್ಮ ಕಡೆ ಮಹಾನವಮಿಗೆ ಖಂಡೆಪೂಜೆ. ಮನೆಯಲ್ಲಿ ದುಡಿಯುವ ಸಾಮಾನೆಲ್ಲ ತೊಳೆದು, ಹೊಳೆಸಿ, ವಿಭೂತಿ ಎಳೆದು ಸಾಲಾಗಿ ಇಡುವುದು. ಕುಡುಗೋಲು, ಇಳಿಗೆಮಣೆ, ನನ್ನ ಬೈಕು, ನಕ್ಷೆಯ ಪೆನ್ನುಗಳು, ಯಾವುದಕ್ಕೂ ವಿನಾಯಿತಿ ಇಲ್ಲ. ಆ ದಿನ ಬೆಳಿಗ್ಗೆ ನಾನು ಬಾಳೆಕಂಬ ತರಲು ಪೇಟೆಗೆ ಹೋಗಿದ್ದೆ. ಬಂದು ನೋಡಿದರೆ ಸೂಕ್ಷ್ಮದರ್ಶಕ ದೇವರ ಜಗಲಿಯ ಮೇಲೆ ಚಿನ್ನದ ಹಾಗೆ ಹೊಳೆಯುತ್ತ ಕೂತಿತ್ತು. ಮೈಮೇಲೆ ಮೂರೆಳೆ ವಿಭೂತಿ, ನಡುವೆ ಕುಂಕುಮ, ಕೊರಳಿಗೆ ಚೆಂಡುಹೂವಿನ ಸರ. ಹಿತ್ತಾಳೆ ಎಂದಮೇಲೆ ಹೆಂಡತಿ ಅದನ್ನು ಹಿತ್ತಾಳೆಯ ಹಾಗೆಯೇ ನೋಡಿಕೊಂಡಿದ್ದಳು: ಹುಣಸೆಹುಳಿ ಹಚ್ಚಿ, ನೀರೊಲೆಯ ಬೂದಿ ಹಾಕಿ, ತೆಂಗಿನ ನಾರಿನಿಂದ ತಿಕ್ಕಿ, ಎರಡು ತಂಬಿಗೆ ನೀರು ಸುರಿದಿದ್ದಳು.

ಸಿಟ್ಟು ನೆತ್ತಿಗೇರಿತು. ಹಬ್ಬದ ದಿನ ಆಡಬಾರದ್ದನ್ನೆಲ್ಲ ಆಡಿದೆ. ಅವಳು ಎಲ್ಲ ಕೇಳಿಸಿಕೊಂಡು, "ದೇವರ ಸಾಮಾನು ಬೆಳಗಿದಂಗ ಬೆಳಗೇನಿ. ನಿಮ್ಮ ಜೀವ ಅದರಾಗ ಐತಿ ಅಂತ ಎಲ್ಲಾಕ್ಕಿಂತ ಮೊದಲ ಅದನ್ನ ತೊಳದೆ. ಅದಕ್ಕೂ ಸಿಟ್ಟೇನು?" ಎಂದಳು. ನಾನು ಸಂಜೆಯವರೆಗೆ ಗಂಟುಮೋರೆ ಹಾಕಿಕೊಂಡೇ ಇದ್ದೆ. ತಿರುಪು ತಿರುಗಿಸಿದರೆ ಕರಕರ ಎನ್ನುತ್ತಿತ್ತು. ಬೂದಿ ಎಲ್ಲ ಸಂದುಗಳಿಗೂ ಇಳಿದಿತ್ತು.

ಬಿಚ್ಚುವುದಕ್ಕೆ ಮೊದಲು ಅದರ ನಕ್ಷೆ ಬರೆದೆ. ಮೇಲಿನಿಂದ, ಬದಿಯಿಂದ, ಪ್ರತಿಯೊಂದು ಸ್ಕ್ರೂವಿಗೂ ಒಂದು ನಂಬರು. ಸ್ಕ್ರೂಗಳನ್ನು ಅದೇ ನಂಬರಿನ ಕಾಗದದ ಪೊಟ್ಟಣಗಳಲ್ಲಿ ಕಟ್ಟಿಟ್ಟೆ. ಕೊಳವೆಯನ್ನು ಮೇಲೆ ಕೆಳಗೆ ಮಾಡುವ ಹಲ್ಲುಪಟ್ಟಿಯನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ, ಒಂದೊಂದೇ ಹಲ್ಲನ್ನು ಬೇವಿನ ಕಡ್ಡಿಯಿಂದ ಕೆರೆದೆ. ಹಳೆಯ ಜಿಡ್ಡೆಲ್ಲ ಹೋಯಿತು, ಹೊಸದು ಯಾವುದು ಹಾಕಬೇಕೆಂಬುದೇ ದೊಡ್ಡ ಗೋಳಾಯಿತು. ಹೊಲಿಗೆ ಯಂತ್ರದ ಎಣ್ಣೆ ಹಾಕಿದರೆ ಕೊಳವೆ ತನ್ನಷ್ಟಕ್ಕೇ ಜಾರಿ ಗಾಜಿನ ಮೇಲೆ ಕೂರುತ್ತಿತ್ತು. ಬೈಕಿನ ಗ್ರೀಸ್ ಹಾಕಿದರೆ ಬೆಳಗಿನ ತಂಪಿನಲ್ಲಿ ತಿರುಪು ಅಲುಗುತ್ತಲೇ ಇರಲಿಲ್ಲ. ಎರಡನ್ನೂ ಬೆರೆಸಿ, ಬೆರಳಿನ ನಡುವೆ ತಿಕ್ಕಿ ನೋಡಿ, ಮತ್ತೆ ಬೆರೆಸಿ ಹದಕ್ಕೆ ತರುವುದರಲ್ಲಿ ಎರಡು ವಾರ ಹೋಯಿತು.

ಮಸೂರಗಳ ಕೆಲಸ ಬೇರೆ. ಕಣ್ಣಿಟ್ಟು ನೋಡಿದಾಗ ಒಂದು ಚುಕ್ಕೆ ಕಂಡರೆ ಅದು ಎಲ್ಲಿದೆ ಎಂದು ಪತ್ತೆ ಮಾಡುವ ಸುಲಭದ ಉಪಾಯವಿದೆ. ಮೇಲಿನ ಮಸೂರವನ್ನು ತಿರುಗಿಸಬೇಕು, ಚುಕ್ಕೆ ಜೊತೆಗೆ ತಿರುಗಿದರೆ ಕೊಳೆ ಅದರಲ್ಲಿದೆ. ಗಾಜಿನ ಪಟ್ಟಿ ಸರಿಸಿದಾಗ ಸರಿದರೆ ಪಟ್ಟಿಯಲ್ಲಿದೆ. ಎರಡಕ್ಕೂ ಜಗ್ಗದಿದ್ದರೆ ಕೊಳವೆಯ ಕೆಳತುದಿಯ ತಿರುಗುವ ಚಕ್ರದಲ್ಲಿ ಕೂತ ಸಣ್ಣ, ದೊಡ್ಡ ಮಸೂರಗಳನ್ನು ಹಿಡಿಯಬೇಕು. ಮೊದಲು ರಬ್ಬರಿನ ಬುರುಡೆಯಿಂದ ಗಾಳಿ ಊದಿ ಬೂದಿಯ ಕಣ ಹಾರಿಸಬೇಕು. ಹಾರಿಸದೆ ಒರೆಸಿದರೆ ಆ ಕಣವೇ ಗಾಜನ್ನು ಗೀರುತ್ತದೆ. ಆಮೇಲೆ ನೂರು ಸಲ ತೊಳೆದು ಮೆತ್ತಗಾದ ಧೋತರದ ತುಂಡನ್ನು ಬ್ಯಾಟರಿಗೆ ಹಾಕುವ ಶುದ್ಧ ನೀರಿನಲ್ಲಿ ಅದ್ದಿ, ನಡುವಿನಿಂದ ಅಂಚಿಗೆ ಸುತ್ತು ಬರುವಂತೆ ಒರೆಸಬೇಕು. ಇದನ್ನು ಮಾಡುವಾಗ ನನಗೆ ಕಚೇರಿ, ಮನೆ, ಯಾವುದೂ ನೆನಪಿರುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಸಾಹೇಬರೂ ನೆನಪಿರುತ್ತಿರಲಿಲ್ಲ.

ಅವರು ವಾರಕ್ಕೊಮ್ಮೆ ಫೋನು ಮಾಡುತ್ತಿದ್ದರು. "ಆತೇನ್ರಿ?" ಎಂದಷ್ಟೇ ಕೇಳುವುದು. ಹೆಂಡತಿ ತೊಳೆದ ವಿಷಯ ಹೇಳಿದಾಗ ಬಹಳ ನಕ್ಕಿದ್ದರು. "ಬೈಬ್ಯಾಡ್ರಿ ಅವ್ರಿಗೆ. ನಮ್ಮ ಮನ್ಯಾಗೂ ಒಮ್ಮಿ ಅಕಿ ಗಾಜಿನ ಪಟ್ಟಿ ಎಲ್ಲಾ ಕುದಿಯೂ ನೀರಾಗ ಹಾಕಿದ್ಲು" ಎಂದರು.

ದೀಪಾವಳಿಯ ಹೊತ್ತಿಗೆ ಎಲ್ಲ ಜೋಡಿಸಿ, ಕಿಟಕಿಯ ಬೆಳಕಿಗೆ ಕನ್ನಡಿ ಹಿಡಿದು, ಸಾಹೇಬರು ಕೊಟ್ಟಿದ್ದ ನನ್ನದೇ ಹಳೆಯ ರಕ್ತದ ಪಟ್ಟಿಯನ್ನಿಟ್ಟು ನೋಡಿದೆ. ನಡುವೆ ಎಲ್ಲ ಸ್ವಚ್ಛ, ಆದರೆ ಬಲಗಡೆಯ ಅಂಚಿನಲ್ಲಿ ಕಣಗಳು ಮಸುಕು. ದೊಡ್ಡ ಮಸೂರ ಕೂರುವ ತಿರುಪಿನ ಸುತ್ತುಗಳಲ್ಲಿ ಎಲ್ಲೋ ಒಂದು ಬೂದಿಯ ಕಣ ಉಳಿದು ಮಸೂರ ತುಸು ವಾಲಿದೆ ಎಂದು ಗೊತ್ತಾಯಿತು. ಹೆಂಡತಿಯನ್ನು ಕರೆದು ತೋರಿಸಿದೆ. ಹಬ್ಬದ ಜಗಳದ ನಂತರ ಅವಳು ಅದರ ಹತ್ತಿರ ಬಂದದ್ದು ಅದೇ ಮೊದಲು. ಕಣ್ಣಿಟ್ಟು ನೋಡಿ, "ಎಲ್ಲಾ ಕಾಣಾಕತ್ತೈತಲ್ಲ. ಅವ್ರನ್ನ ಕರೀರಿ" ಎಂದಳು.

"ಬಲಗಡೆ ನೋಡು, ಮಸಕ ಐತಿ."

"ಅವ್ರು ಬಲಗಡೆ ನೋಡಾಕ ಬರ್ತಾರೇನು?"

ನನಗೆ ಈ ಮಾತು ಸಿಟ್ಟು ತರಿಸಿತು. ವಾಲಿದ ಮಸೂರ ಇಟ್ಟುಕೊಂಡು ಮನೆಗೆ ಒಬ್ಬರನ್ನು, ಅದೂ ಆ ಉಪಕರಣದ ಯಜಮಾನರನ್ನು, ಕರೆಯುವುದೆಂದರೆ ನನ್ನ ಮಟ್ಟಿಗೆ ಮರ್ಯಾದೆಯ ಪ್ರಶ್ನೆ. ಸಾಹೇಬರ ಫೋನು ಬಂದಾಗ "ಇನ್ನೊಂದು ವಾರ ತಡೀರಿ, ಹೊಸಾದರಂಗ ಮಾಡಿ ಇಟ್ಟಿರ್ತೇನಿ" ಎಂದೆ. "ಆತ್ರಿ, ನಿಮ್ಮ ಕೈಗೆ ಅವಸರ ಮಾಡಂಗಿಲ್ಲ" ಎಂದರು.

ಒಂದು ವಾರ ಎರಡಾಯಿತು, ನಾಲ್ಕಾಯಿತು. ಆ ಮಸೂರವನ್ನು ಎಷ್ಟು ಸಲ ಬಿಚ್ಚಿ ಕೂರಿಸಿದೆನೋ ಲೆಕ್ಕವಿಲ್ಲ. ಬಲಗಡೆ ಸರಿಯಾದರೆ ಮೇಲ್ಗಡೆ ಮಸುಕಾಗುತ್ತಿತ್ತು. ಅದನ್ನು ಬಿಟ್ಟು ಕನ್ನಡಿಯ ಗೂಟ, ಅದನ್ನು ಬಿಟ್ಟು ಪಟ್ಟಿ ಹಿಡಿಯುವ ಕ್ಲಿಪ್ಪು, ಹೀಗೆ ಕೆಟ್ಟಿಲ್ಲದ್ದನ್ನೂ ಸುಧಾರಿಸತೊಡಗಿದೆ. ಎಳ್ಳಮಾಸಿಗೆ ಎಲ್ಲರೂ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಲು ಹೊಲಕ್ಕೆ ಹೋದರೆ ನಾನು ಸಜ್ಜೆರೊಟ್ಟಿ ಕಟ್ಟಿಸಿಕೊಂಡು ಮನೆಯಲ್ಲೇ ಉಳಿದೆ. ಆ ಹೊತ್ತಿಗೆ ಸಾಹೇಬರ ಫೋನು ಕಡಿಮೆಯಾಗಿತ್ತು. ಬೇಜಾರಾಗಿರಬೇಕು ಎಂದುಕೊಂಡೆ. ಫೋನಿನಲ್ಲಿ ನನ್ನ ಹೆಸರು ಹುಡುಕಲು ಅವರಿಗೆ ಆಗುತ್ತಿರಲಿಲ್ಲ ಎಂದು ತಿಳಿದದ್ದು ಆಮೇಲೆ.

ಸಂಕ್ರಾಂತಿ ಕಳೆದ ಮೇಲೆ ಒಂದು ರವಿವಾರ ಅಂಚಿನಿಂದ ಅಂಚಿಗೆ ಎಲ್ಲ ಸ್ವಚ್ಛವಾಗಿ ಕಂಡಿತು. ಅಷ್ಟು ಸಂತೋಷ ನನಗೆ ನೌಕರಿ ಸಿಕ್ಕಾಗಲೂ ಆಗಿರಲಿಲ್ಲ. ನಾನೇ ಫೋನು ಮಾಡಿದೆ. ಮುಂದಿನ ರವಿವಾರ ಅವರು ಸಿಂದಗಿಯಲ್ಲಿ ಪರಿಚಯದ ಕಂಡಕ್ಟರಿಗೆ ಹೇಳಿ ಬಸ್ಸು ಹತ್ತಿ ಬಂದರು. ನಿಲ್ದಾಣದಲ್ಲಿ ಇಳಿದು ನಿಂತವರ ಎದುರಿಗೇ ಹೋಗಿ ನಿಂತೆ. ಮಾತಾಡಿಸುವವರೆಗೆ ಅವರು ನನ್ನ ಹೆಗಲ ಮೇಲಿನಿಂದ ಆಚೆ ನೋಡುತ್ತಿದ್ದರು. ಬಿಸಿಲು ಕಣ್ಣಿಗೆ ಹೊಡೆದಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಮನೆಯಲ್ಲಿ ಹೆಂಡತಿ ಚಹಾ ಕೊಟ್ಟಳು. ಸಾಹೇಬರು ಅರ್ಧ ಕುಡಿದು, ಅಂಗಿಯ ಒಳಕಿಸೆಯಿಂದ ಕಡ್ಡಿಪೆಟ್ಟಿಗೆ ತೆಗೆದು ನನ್ನ ಕೈಗಿಟ್ಟರು. ಪಟ್ಟಿಯನ್ನು ಇಟ್ಟು ಸಣ್ಣ ಮಸೂರದಲ್ಲಿ ನೋಡಿದೆ. ಬಣ್ಣ ಬಹಳ ಮಾಸಿ, ಒಣಗಿದ ಗುಲಾಬಿಯ ಎಸಳಿನಷ್ಟು ಉಳಿದಿತ್ತು. ಆದರೂ ಕಣಗಳಿದ್ದವು, ಒಂದರ ಪಕ್ಕ ಒಂದು, ಚೊಕ್ಕವಾಗಿ. ಎಂಥ ಕೈ ಅದನ್ನು ಸವರಿರಬೇಕು ಎಂದುಕೊಂಡೆ. ಸ್ಟೂಲು ಬಿಟ್ಟುಕೊಟ್ಟೆ.

ಅವರು ಕೂತರು. ಕೈ ತಡವರಿಸದೆ ತಿರುಪಿನ ಮೇಲೆ ಹೋಯಿತು. ಇನ್ನೊಂದು ಕೈಯ ಹೆಬ್ಬೆರಳಿನಿಂದ ಮಸೂರಗಳ ಚಕ್ರವನ್ನು ದೊಡ್ಡ ಮಸೂರದ ಕಡೆಗೆ ತಿರುಗಿಸಿ, ಬಲಗಣ್ಣನ್ನು ಊರಿದರು. ಸಣ್ಣ ತಿರುಪನ್ನು ಹಿಂದೆ ಮುಂದೆ, ಹಿಂದೆ ಮುಂದೆ ಆಡಿಸಿದರು. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

"ಛಲೋ ಕಾಣಸ್ತೈತ್ರಿ" ಎಂದರು ಕೊನೆಗೆ, ತಲೆ ಎತ್ತದೆಯೇ. "ಬಣ್ಣ ಒಂದೀಟೂ ಮಾಸಿಲ್ಲ. ನನ್ನ ಕಾಲಕ್ಕೂ ಇಷ್ಟು ಸ್ವಚ್ಛ ಇರ್ಲಿಲ್ಲ ಇದು." ಆಮೇಲೆ ಎದ್ದು, ನನ್ನ ಕೈ ಹುಡುಕಿ ಹಿಡಿದು ಒತ್ತಿದರು.

ಪಟ್ಟಿ ತೆಗೆದುಕೊಡಲೆಂದು ನಾನು ಬಗ್ಗಿದೆ, ರೂಢಿಯಂತೆ ಒಮ್ಮೆ ಕಣ್ಣಿಟ್ಟೆ. ಪೂರ್ತಿ ಕತ್ತಲು. ಮಸೂರಗಳ ಚಕ್ರ ಅರ್ಧಕ್ಕೆ ನಿಂತಿತ್ತು, ಎರಡು ಮಸೂರಗಳ ನಡುವೆ, ಬರಿ ಹಿತ್ತಾಳೆಯ ಎದುರಿಗೆ. ಆ ಚಕ್ರದ ಸ್ಪ್ರಿಂಗ್ ಸಡಿಲವಾಯಿತೆಂದು ಡಿಸೆಂಬರಿನಲ್ಲಿ ನಾನು ಬಿಗಿ ಮಾಡಿದ್ದೆ. ಅವರ ಹೆಬ್ಬೆರಳು ಹಳೆಯ ಸಡಿಲಿಕೆಯ ಲೆಕ್ಕದಲ್ಲಿ ತಿರುಗಿಸಿ ನಿಂತಿತ್ತು. ಕಣ್ಣಿದ್ದವರಿಗೆ ಕತ್ತಲು ಕಂಡ ಕೂಡಲೇ ಗೊತ್ತಾಗುತ್ತಿತ್ತು. ಅವರು ಅಷ್ಟು ಹೊತ್ತು ಆ ಕತ್ತಲನ್ನು ನೋಡಿ ಹೊಗಳಿದ್ದರು.

ಪಟ್ಟಿಯನ್ನು ಹತ್ತಿಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು, ಅವರ ಕಿಸೆಗೆ ನಾನೇ ಹಾಕಿದೆ. ಒಂದು ಅಂಚಿನ ಮಸುಕಿಗಾಗಿ ನಾನು ಅವರ ಕಣ್ಣಿನ ಮೂರು ತಿಂಗಳು ತಿಂದಿದ್ದೆ. ಹೆಂಡತಿಯ ಮುಖ ನೋಡಿದೆ. ಅವಳಿಗೂ ಏನೋ ತಿಳಿದಿತ್ತು, ಒಳಗೆ ಹೋದಳು.

ಬೈಕಿನಲ್ಲಿ ಕೂರಿಸಿಕೊಂಡು ನಿಲ್ದಾಣಕ್ಕೆ ಬಂದೆ. ದಾರಿಯುದ್ದಕ್ಕೂ ಅವರು ತಿರುಪು ಎಷ್ಟು ಮೆತ್ತಗೆ ತಿರುಗುತ್ತದೆ, ಯಾವ ಎಣ್ಣೆ ಹಾಕಿದಿರಿ ಎಂದು ಕೇಳುತ್ತ ಬಂದರು. ನಾನು ಎಣ್ಣೆಯ ಲೆಕ್ಕ ಹೇಳಿದೆ. ಬಸ್ಸು ಬಂದು ನಮ್ಮ ಎದುರಿಗೇ ನಿಂತಿತು. ಮಾರು ದೂರವೂ ಇರಲಿಲ್ಲ, ಬೋರ್ಡಿನ ಮೇಲೆ ಅಂಗೈಯಗಲದ ಅಕ್ಷರ.

ಸಾಹೇಬರು ನನ್ನ ತೋಳು ಹಿಡಿದು, ಬೇರೆ ಯಾರಿಗೂ ಕೇಳಿಸದ ಹಾಗೆ, "ಇದು ಸಿಂದಗೀದ ಹೌದಲ್ರಿ?" ಎಂದು ಕೇಳಿದರು.