ಚಾಪೆ ಸೋತ ದಿನ

ಆಗ ನನಗೆ ಐವತ್ತೆಂಟು. ಒಂಬತ್ತು ವರ್ಷದ ಹಿಂದಿನ ಮಾತು. ಗುಂಡ್ಲುಪೇಟೆ ಪಕ್ಕದ ನಮ್ಮೂರ ಅಂಗನವಾಡಿಯಲ್ಲಿ ನಾನು ಆಯಾ. ಅಡುಗೆ ಮಾಡುವುದು, ಮೂಗು ಒರೆಸುವುದು, ಊಟವಾದ ಮೇಲೆ ಮಕ್ಕಳನ್ನು ಚಾಪೆಯ ಮೇಲೆ ಸಾಲಾಗಿ ಮಲಗಿಸುವುದು. ಜೊತೆಗೆ ನಾನೂ ಒಂದು ಗಂಟೆ ಮಲಗುತ್ತಿದ್ದೆ. ನಿಮ್ಮ ಹತ್ತಿರ ಮುಚ್ಚಿಡುವುದೇನು, ಬೆಳಗ್ಗೆ ಐದಕ್ಕೆ ಎದ್ದು ಹಾಲು ಕರೆದು ಬರುವವಳಿಗೆ ಇಡೀ ದಿನದಲ್ಲಿ ನನ್ನದು ಅಂತ ಇದ್ದದ್ದು ಆ ಗಂಟೆ ಒಂದೇ.

ಪಂಚಾಯ್ತಿ ಎಲೆಕ್ಷನ್ ಹತ್ತಿರವಿತ್ತು. ಚಾಮರಾಜನಗರದಿಂದ ಬಸ್ಸಿನಲ್ಲಿ ಬರುತ್ತಿದ್ದ ಟೀಚರಮ್ಮನಿಗೆ, ಸರ್ಕಾರ ಅಂದರೇನೆಂದು ಮಕ್ಕಳಿಗೆ ಕಲಿಸುವ ಹುಕಿ.

"ಸರ್ಕಾರ ಅಂದ್ರೆ ಯಾರು ಮಕ್ಳಾ?"

ಎಲ್ಲವೂ ನನ್ನ ಕಡೆ ಕೈ ತೋರಿಸಿದವು. ಮೊಟ್ಟೆ ಕೊಡುವವಳು ನಾನು, ಮಲಗಿಸಿ ಬಾಗಿಲ ಚಿಲಕ ಹಾಕುವವಳೂ ನಾನು. ತಪ್ಪೇನಿದೆ? ನಾನಂತೂ ಬೀಗಿದೆ.

"ಅಲ್ಲ, ನೀವೇ ಸರ್ಕಾರ" ಎಂದು ಟೀಚರಮ್ಮ ಅಲ್ಲೇ ಓಟು ಇಟ್ಟರು. ಊಟವಾದ ಮೇಲೆ ಮಲಗುವುದೋ, ಬೇವಿನ ಮರದ ಉಯ್ಯಾಲೆ ಆಡುವುದೋ? ನನ್ನ ಮದುವೆಗೇ ಯಾರೂ ನನ್ನನ್ನು ಕೇಳಲಿಲ್ಲ. ಈ ಮೊಳದುದ್ದದವನ್ನು ನಿದ್ದೆಗೆ ಕೇಳುತ್ತಾರಂತೆ! ಬೀರುವಿನ ಹಿಂದೆ ಎರಡು ಲೋಟ ಇಟ್ಟರು. ಒಂದಕ್ಕೆ ಚಾಪೆಯ ಚಿತ್ರ, ಇನ್ನೊಂದಕ್ಕೆ ಉಯ್ಯಾಲೆಯದು. ಓಟಿಗೆ ಹುಣಸೆಬೀಜ. ಬೆರಳಿಗೆ ಶಾಯಿ ಬದಲು ಅರಿಶಿನ. ನಮ್ಮ ಕಡೆ ಅದಕ್ಕೇನು ಬರ?

ನನ್ನ ನಿದ್ದೆಗೆ ಕುತ್ತು ಬಂತಲ್ಲ, ದೊಡ್ಡವರು ಮಾಡುವುದನ್ನೇ ನಾನೂ ಮಾಡಿದೆ. ಅಡುಗೆಮನೆ ಬಾಗಿಲಲ್ಲಿ ನಿಂತು, ಕೈಗೆ ಸಿಕ್ಕ ಮಕ್ಕಳಿಗೆಲ್ಲ ಬೆಲ್ಲದ ಚೂರು ಕೊಟ್ಟೆ. "ಚಾಪೆ ಲೋಟಕ್ಕೆ ಆಕ್ಬುಡಿ ಕಣ್ರಲಾ. ಟೀಚರಮ್ಮಂಗೆ ಏಳ್ಬೇಡಿ."

ಬೆಲ್ಲ ತಿಂದ ಮಕ್ಕಳು ಕೈ ನೆಕ್ಕದೆ ಇರುತ್ತವೆಯೇ? ಓಟು ಹಾಕಿ ಬಂದು ಹತ್ತೂ ಬೆರಳು ನೆಕ್ಕಿದವು. ಅಂಟಿನ ಜೊತೆ ಅರಿಶಿನವೂ ಹೋಯಿತು. ಟೀಚರಮ್ಮ ಬೆರಳು ನೋಡಿ, ಇವರದಿನ್ನೂ ಆಗಿಲ್ಲವೆಂದು ಮತ್ತೆ ಸಾಲಿಗೆ ನಿಲ್ಲಿಸಿದರು. ಕೊನೆಗೆ ಎಣಿಸಿದರೆ ಮಕ್ಕಳಿಗಿಂತ ಬೀಜ ಜಾಸ್ತಿ!

"ಯಾರು ಎರಡು ಸಲ ಹಾಕಿದ್ದು?"

ನಾಲ್ಕು ವರ್ಷದ ಸಿಂಚನ ಕೈ ಎತ್ತಿದಳು. ನಾಲಿಗೆ ಹಳದಿ. "ನಾನು ಮಿಸ್. ಆಯಮ್ಮ ಬೆಲ್ಲ ಕೊಡ್ತು. ಒಂದು ಚಾಪೆಗಾಕ್ದೆ, ಬೆಲ್ಲಕ್ಕೆ. ಇನ್ನೊಂದು ಉಯ್ಯಾಲೆಗಾಕ್ದೆ, ನಂಗೆ."

"ಏನು ಆಯಮ್ಮ, ನೀವೂನಾ?" ಅಂದರು ಟೀಚರಮ್ಮ.

"ಊರೋರೆಲ್ಲ ಮಾಡದ್ನೇ ಮಾಡ್ದೆ ಕಣವ್ವ" ಅಂದೆ. ನಾಚಿಕೆ ಆಯಿತೆಂದು ಬರೆದರೆ ಸುಳ್ಳಾಗುತ್ತದೆ. ಬಂದದ್ದು ಸಿಟ್ಟು. ಅಷ್ಟೂ ಬೆಲ್ಲ ದಂಡ.

ಓಟು ಮತ್ತೆ ಮೊದಲಿಂದ ನಡೆಯಿತು. ಈ ಸಲ ಬೆರಳಿಗೆ ಪಾತ್ರೆ ತಳದ ಮಸಿ. ಟೀಚರಮ್ಮ ನನ್ನ ಕೈಗೂ ಒಂದು ಬೀಜ ಕೊಟ್ಟು, "ನೀವೂ ಪ್ರಜೆಯೇ, ಹೋಗಿ" ಅಂದರು. ಬೀರುವಿನ ಹಿಂದೆ ಹೋಗಿ, ಚಾಪೆಗೇ ಹಾಕಿ ಬಂದೆ.

ಎಣಿಸಿದಾಗ ಚಾಪೆಯ ಲೋಟದಲ್ಲಿ ಇದ್ದದ್ದು ಎರಡೇ ಬೀಜ. ಒಂದು ನನ್ನದು. "ಇನ್ನೊಂದು ಯಾರ್ದು?" ಎಂದು ಆಸೆಯಿಂದ ಸುತ್ತ ನೋಡಿದೆ.

"ಅದನ್ನ ಕೇಳೋ ಹಾಗಿಲ್ಲ ಆಯಮ್ಮ."

"ಆಯಮ್ಮ ಸೋತೋಯ್ತು!" ಎಂದು ಸಿಂಚನ ಕುಣಿದಳು. "ನಾಳಿಂದ ಚಿಲಕ ಆಕಂಗಿಲ್ಲ!"

ಮಾರನೆಯ ಬೆಳಗ್ಗೆ ಅರ್ಧ ಗಂಟೆ ಮೊದಲೇ ಹೋಗಿ, ಉಯ್ಯಾಲೆಯ ಸವೆದ ಹಗ್ಗ ಬಿಚ್ಚಿ, ಮನೆಯಿಂದ ತಂದ ಹೊಸ ಹಗ್ಗ ಬಿಗಿದೆ. ಮಕ್ಕಳ ಭಾರ ತಡೆಯುತ್ತದೋ ಇಲ್ಲವೋ ನೋಡಬೇಕಲ್ಲ. ಸೆರಗು ಸಿಕ್ಕಿಸಿಕೊಂಡು ಮೊದಲು ನಾನೇ ಕೂತು ಜೀಕಿದೆ.