ಐದನೇ ಭಾನುವಾರದ ಟ್ರಂಕ್ ಕಾಲ್

ರಾಧಾಮಣಿಯವರಿಗೆ ಈಗ ಎಪ್ಪತ್ತೆರಡು. ಸಹಕಾರನಗರದ ಅವರ ಮನೆಯ ಮೇಲ್ಮಹಡಿಯಲ್ಲಿ ನಾನು ಬಾಡಿಗೆಗಿದ್ದೇನೆ. ಹಾಗಾಗಿ ಅವರ ಬಗ್ಗೆ ನಾನು ಬರೆಯುವುದೆಲ್ಲ ಹೊಗಳಿಕೆಯೇ ಇರುತ್ತದೆ ಎಂದು ನೀವು ಅನುಮಾನಪಟ್ಟರೆ ಆ ಅನುಮಾನ ಸರಿಯಾಗಿಯೇ ಇದೆ.

ಮೂವತ್ತಾರು ವರ್ಷ ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದರು. ಯಲಹಂಕದಿಂದ ದಾವಣಗೆರೆಗೆ ಮಾತಾಡಲು ಟ್ರಂಕ್ ಕಾಲ್ ಬುಕ್ ಮಾಡಿ ಅರ್ಧ ದಿನ ಕಾಯುತ್ತಿದ್ದ ಕಾಲದಲ್ಲಿ ಊರಿನ ಹೆರಿಗೆ, ಸಾವು, ಸಂಬಂಧ ಎಲ್ಲವೂ ಇವರ ಬೆರಳ ತುದಿಯಿಂದ ಹಾದುಹೋಗುತ್ತಿತ್ತು. ಆಪರೇಟರಿಗೆ ಎರಡು ನಿಯಮ. ಮೂರು ನಿಮಿಷವಾದೊಡನೆ "ಎಕ್ಸ್‌ಟೆಂಡ್ ಮಾಡ್ಲಾ?" ಎಂದು ಕೇಳಬೇಕು. ಲೈನ್ ಸಿಕ್ಕಿದ ಮೇಲೆ "ಮಾತಾಡಿ" ಎಂದು ಹೇಳಿ ತಾನು ಹೊರಬೀಳಬೇಕು, ಕದ್ದು ಕೇಳಬಾರದು. ರಾಧಾಮಣಿಯವರು ನಿವೃತ್ತರಾದರೂ ಈ ನಿಯಮಗಳು ನಿವೃತ್ತವಾಗಿಲ್ಲ. ಮೋಟರ್ ಆಫ್ ಮಾಡಲು ಯಾಕೆ ಮರೆತೆ ಎಂದು ನಾನು ಮೆಟ್ಟಿಲ ಬಳಿ ವಿವರಿಸುತ್ತಿದ್ದರೆ ಸರಿಯಾಗಿ ಮೂರನೇ ನಿಮಿಷಕ್ಕೆ ಅವರ ಕಣ್ಣು ಗೋಡೆಯ ಗಡಿಯಾರಕ್ಕೆ ಹೋಗುತ್ತದೆ. ಈ ಪದ್ಧತಿ ನನ್ನ ಹೆಂಡತಿಗೂ ಬಹಳ ಹಿಡಿಸಿದೆ.

ಭಾನುವಾರ ಮಧ್ಯಾಹ್ನ ಅವರ ವರಾಂಡದಲ್ಲಿ ರಮ್ಮಿ. ಪಣಕ್ಕೆ ಹುರಿದ ಕಡಲೆಕಾಯಿ. ನಾಲ್ಕು ಕೈ: ರಾಧಾಮಣಿ, ಕೋಗಿಲಿನ ಮುನಿಶಾಮಪ್ಪ, ಕೊಡಿಗೇಹಳ್ಳಿಯ ಖಾದರ್ ಬಾಷಾ, ಮತ್ತು ಕಡಲೆಕಾಯಿ ಒದಗಿಸುವ ನಾನು. ಮುನಿಶಾಮಪ್ಪ ಹಿಂದೆ ದ್ರಾಕ್ಷಿ ಬೆಳೆಯುತ್ತಿದ್ದರು. ಈಗ ಆ ಜಮೀನಿನಲ್ಲಿ ನಾಲ್ಕು ಮಹಡಿ ಬೆಳೆದಿದೆ. ತೋಟದ ಪಂಪು ಸುಟ್ಟಾಗಲೆಲ್ಲ ಕಾಯಿಲ್ ಸುತ್ತಿ ಕೊಡುತ್ತಿದ್ದವರು ಖಾದರ್ ಬಾಷಾ. ಮೂವತ್ತು ವರ್ಷದ ಸ್ನೇಹ. ಖಾದರ್ ಮಗಳು ರೂಬಿಗೆ ಸೈಕಲ್ ಕಲಿಸಿದ್ದು ಮುನಿಶಾಮಪ್ಪನೇ.

ಅಂಥ ರೂಬಿಯ ಮದುವೆಯಲ್ಲಿ ಮುನಿಶಾಮಪ್ಪ ಊಟ ಮಾಡದೆ ಎದ್ದುಹೋದರು. ಖಾದರ್ "ಬಾರಪ್ಪಾ, ಬಿಸಿ ಇದೆ" ಎಂದು ಕರೆದರೆ, ಹೆಗಲ ಟವೆಲನ್ನು ಮೂಗು ಬಾಯಿಗೆ ಒತ್ತಿಕೊಂಡು, ಬೇಡ ಬೇಡ ಎಂದು ಕೈ ಬೀಸಿ, ಹಿಂದೆ ತಿರುಗದೆ ಹೋಗಿಬಿಟ್ಟರು. ಮೂವತ್ತು ವರ್ಷ ಖಾದರ್ ಮನೆಯ ಬಿರಿಯಾನಿಯನ್ನು ಎರಡೆರಡು ಸಲ ಹಾಕಿಸಿಕೊಂಡ ಮನುಷ್ಯ, ಇನ್ನೂರು ಜನ ನೆಂಟರ ಎದುರಿಗೆ ಮೂಗು ಮುಚ್ಚಿಕೊಂಡ! ಖಾದರ್ ಏನನ್ನೂ ಕೇಳಲಿಲ್ಲ. ಮುನಿಶಾಮಪ್ಪನೂ ಏನೂ ಹೇಳಲಿಲ್ಲ. ಒಂದೂವರೆ ವರ್ಷ ಮಾತಿಲ್ಲ.

ರಾಧಾಮಣಿಯವರು ಭಾನುವಾರಗಳನ್ನು ಹಂಚಿದರು. ಒಂದು ಮತ್ತು ಮೂರನೆಯದು ಮುನಿಶಾಮಪ್ಪನಿಗೆ, ಎರಡು ಮತ್ತು ನಾಲ್ಕನೆಯದು ಖಾದರಿಗೆ. ತಿಂಗಳಿಗೆ ಐದು ಭಾನುವಾರ ಬಂದರೆ ರಜೆ. ಮೂರು ಕೈಯ ರಮ್ಮಿ ಉಪ್ಪಿಲ್ಲದ ಸಾರಿನಂತಿರುತ್ತಿತ್ತು. ಆದರೂ ನಾನೇ ಸೋಲುತ್ತಿದ್ದೆ.

ಈಗ ರೂಬಿಗೆ ಮಗುವಾಗಿತ್ತು. ಮುಂದಿನ ತಿಂಗಳ ಮೊದಲ ಭಾನುವಾರ ಹೆಸರಿಡುವ ಊಟ, ಮದುವೆಯಾದ ಹಾಲ್‌ನಲ್ಲಿಯೇ. ಖಾದರ್ ಬೀದಿಗೆಲ್ಲ ಕಾರ್ಡ್ ಹಂಚಿದರು. ಕೋಗಿಲಿನ ಒಂದು ಮನೆ ಬಿಟ್ಟರು.

"ಈ ಊಟವೂ ತಪ್ಪಿಹೋದ್ರೆ ಇವರಿಬ್ರೂ ಮುಗಿದಂಗೆ," ಎಂದರು ರಾಧಾಮಣಿ ನನ್ನೊಡನೆ. "ಐದನೇ ಭಾನುವಾರ ಇಬ್ರನ್ನೂ ಕರೆದಿದೀನಿ. ಒಬ್ರು ಬರೋದು ಇನ್ನೊಬ್ರಿಗೆ ಹೇಳಿಲ್ಲ."

"ರಮ್ಮಿ ಹೇಗೆ ಆಡ್ತಾರೆ ಮೇಡಂ?"

"ರಮ್ಮಿ ಅಲ್ಲ." ಒಂದು ಪೆಟ್ಟಿಗೆ ತೋರಿಸಿದರು. ಸೊಸೆ ತಂದದ್ದಂತೆ. ಮನೆಯವರು, ಸ್ನೇಹಿತರು ಕುಳಿತು ಒಂದೊಂದು ಕಾರ್ಡ್ ಎತ್ತುವುದು, ಅದರಲ್ಲಿರುವ ಪ್ರಶ್ನೆಗೆ ನಿಜ ಹೇಳುವುದು. ಹಾಗೆ ಹತ್ತಿರವಾಗುವುದು.

ಆ ಭಾನುವಾರ ಮುನಿಶಾಮಪ್ಪ ಮೊದಲು ಬಂದರು. ಹತ್ತು ನಿಮಿಷಕ್ಕೆ ಖಾದರ್ ಬಂದು ಗೇಟಿನಲ್ಲೇ ನಿಂತರು. ಇಬ್ಬರೂ ರಾಧಾಮಣಿಯವರನ್ನು ನೋಡಿದರು. ಎದ್ದುಹೋದವನು ಐದನೇ ಭಾನುವಾರವನ್ನು ಇನ್ನೊಬ್ಬನಿಗೆ ಬಿಟ್ಟುಕೊಟ್ಟಂತೆ ಎಂದು ಇಬ್ಬರಿಗೂ ಅನ್ನಿಸಿರಬೇಕು. ಖಾದರ್ ಕುರ್ಚಿಯನ್ನು ಬೀದಿಯ ಕಡೆ ತಿರುಗಿಸಿಕೊಂಡು ಕುಳಿತರು. ಮುನಿಶಾಮಪ್ಪ ತುಳಸಿ ಕಟ್ಟೆಯ ಕಡೆ ತಿರುಗಿಸಿಕೊಂಡರು.

"ಮಾತಾಡಕ್ಕೂ ಇಸ್ಪೀಟ್ ಬ್ಯಾಕಾ ತಾಯೀ?" ಎಂದರು ಮುನಿಶಾಮಪ್ಪ, ತುಳಸಿಗೆ.

"ಮಾತಾಡೋರಿಗೆ ಬೇಡ. ನಿಮಗೆ ಬೇಕು," ಎಂದರು ರಾಧಾಮಣಿ.

ಮೊದಲ ಕಾರ್ಡು ನನಗೆ ಬಂತು. ಅದರ ಇಂಗ್ಲಿಷನ್ನು ಅವರು ಎಕ್ಸ್‌ಚೇಂಜಿನ ದನಿಯಲ್ಲಿ ಕನ್ನಡಕ್ಕೆ ಇಳಿಸಿದರು: "ನಿಮ್ಮ ಬಗ್ಗೆ ಜನ ತಪ್ಪು ತಿಳ್ಕೊಂಡಿರೋದು ಏನು?"

"ನಾನು ಹಾಸ್ಯ ಬರೀತೀನಿ ಅಂತ," ಎಂದೆ.

"ಯಾರೂ ಅಂಗೆ ತಿಳ್ಕೊಂಡಿಲ್ಲ, ಬುಡಿ," ಎಂದರು ಮುನಿಶಾಮಪ್ಪ. ಬೀದಿ ನೋಡುತ್ತಿದ್ದ ಖಾದರ್ ಬಾಷಾರ ಭುಜ ಒಮ್ಮೆ ಕುಲುಕಿತು. ನನ್ನ ಇಡೀ ಬರವಣಿಗೆಯಿಂದ ಆಗದ ಉಪಕಾರ ಅಷ್ಟರಲ್ಲಿ ಆಗಿತ್ತು.

ಎರಡನೆಯದು ಖಾದರಿಗೆ. "ಪ್ರಪಂಚದಲ್ಲಿ ಯಾರನ್ನ ಬೇಕಾದ್ರೂ ಊಟಕ್ಕೆ ಕರೀಬಹುದು ಅಂದ್ರೆ ಯಾರನ್ನ ಕರೀತೀರಿ?"

ಖಾದರ್ ಆ ಕಾರ್ಡನ್ನು ಕೈಗೆ ತೆಗೆದುಕೊಂಡರು. "ಕರೆದೋರು ಮೂಗು ಮುಚ್ಕೊಂಡು ಓಡೋದ್ರೆ ಇನ್ಯಾರನ್ನ ಕರೀಲಿ ಮೇಡಂ? ನಮ್ಮ ಮನೆಯೋಳು ಬದರುನ್ನೀಸಾ ಈಗ್ಲೂ ಕೇಳ್ತಾಳೆ, ಅವತ್ತು ಬಿರಿಯಾನಿ ಚೆನ್ನಾಗಿರ್ಲಿಲ್ವಾ ರೀ ಅಂತ. ಏನ್ ಹೇಳ್ಲಿ ಅವಳಿಗೆ? ಬಿರಿಯಾನಿ ಚೆನ್ನಾಗಿತ್ತು, ನಾವೇ ಚೆನ್ನಾಗಿಲ್ಲ ಅಂತಾನಾ?"

ಮುನಿಶಾಮಪ್ಪನ ಕುರ್ಚಿ ಕಿರ್ರ್ ಎಂದಿತು. "ಮೂಗಾ? ಯಾವ ಮೂಗು? ಏನಮ್ಮಾ ಏಳ್ತಾವ್ನೆ ಇವ್ನು?"

"ಖಾದರ್ ಬಾಷಾ ಅವರೇ," ಎಂದರು ರಾಧಾಮಣಿ ಕತ್ತೆತ್ತದೆ, "ಕೋಗಿಲು ಪಾರ್ಟಿ ಕೇಳ್ತಿದಾರೆ, ಯಾವ ಮೂಗು."

"ಅವ್ರದ್ದೇ! ಟವೆಲ್ ಒತ್ಕೊಂಡಿದ್ರಲ್ಲಾ, ಅದ್ರ ಹಿಂದೆ ಇದ್ದಿದ್ದು!"

"ಮುನಿಶಾಮಪ್ಪನವರೇ, ಕೊಡಿಗೇಹಳ್ಳಿಯಿಂದ ಉತ್ತರ. ಟವೆಲ್ ಹಿಂದೆ ಇದ್ದಿದ್ದು."

"ಟವೆಲ್ ಇಂದೆ..." ಎಂದು ಮುನಿಶಾಮಪ್ಪ ನಿಲ್ಲಿಸಿಬಿಟ್ಟರು. ಮುಖ ಕೆಂಪಾಯಿತು.

ಇಲ್ಲಿ ಒಂದು ವಿಷಯ ನಾನು ಹೇಳಬೇಕು. ಮುನಿಶಾಮಪ್ಪನ ಹೆಮ್ಮೆ ಎಂದರೆ ಅವರ ಹಲ್ಲು. "ಎಪ್ಪತ್ತಾಯ್ತು, ಒಂದಾದ್ರೂ ಅಲ್ಲಾಡ್ತದಾ ನೋಡಿ. ಮುದ್ದೆ ತಿಂದಿದ್ದು, ಬೇವಿನ ಕಡ್ಡಿ ಉಜ್ಜಿದ್ದು," ಎಂದು ಅವರು ಹೇಳದ ಭಾನುವಾರವಿಲ್ಲ. ಆ ಮಾತು ಕೇಳಿ ನಾನು ಮೂರು ತಿಂಗಳು ಬೇವಿನ ಕಡ್ಡಿ ಉಜ್ಜಿದ್ದೇನೆ. ನಾಲಿಗೆ ಕಹಿಯಾಯಿತೇ ಹೊರತು ಬೇರೆ ಪ್ರಯೋಜನ ಕಾಣಲಿಲ್ಲ.

ರಾಧಾಮಣಿ ಗಡಿಯಾರ ನೋಡಿದರು. "ಮೂರು ನಿಮಿಷ ಆಯ್ತು. ಎಕ್ಸ್‌ಟೆಂಡ್ ಮಾಡ್ಲಾ?"

ಮುನಿಶಾಮಪ್ಪ ಎದ್ದರು. ಹೊರಟೇಬಿಟ್ಟರು ಎಂದು ನಾನು ಚಪ್ಪಲಿ ನೋಡಿದೆ. ಅವರು ಮೇಜಿನ ಬಳಿ ಬಂದು, ಕೈಯನ್ನು ಬಾಯಿಗೆ ಹಾಕಿ, ಏನನ್ನೋ ಕಿತ್ತು, ರಮ್ಮಿಯಲ್ಲಿ ಎಲೆ ಬಿಚ್ಚಿ ಇಡುವವರಂತೆ ಪ್ರಶ್ನೆಗಳ ಕಟ್ಟಿನ ಮೇಲೆ ಟಕ್ಕೆಂದು ಇಟ್ಟರು.

"ತಗಳಪ್ಪಾ. ಶೋ."

ಮೇಲಿನ ಸಾಲು, ಕೆಳಗಿನ ಸಾಲು, ಎರಡೂ ನಮ್ಮನ್ನು ನೋಡಿ ನಗುತ್ತಿದ್ದವು.

"ಅವತ್ತು ಊಟಕ್ಕೆ ಮುಂಚೆ ಕೈ ತೊಳ್ದು ಬಾಯಿ ಮುಕ್ಕಳಿಸ್ದೆ ಕಣೋ," ಎಂದರು. ಹಲ್ಲಿಲ್ಲದೆ ಮಾತು ಗಾಳಿಯಲ್ಲಿ ತೇಲುತ್ತಿತ್ತು. "ಒಸಾ ಸೆಟ್ಟು, ಸಡ್ಲ ಇತ್ತು. ನೀರ್ ಜತೆ ಆಚೆ ಬಂದು, ಸರ್ರಂತ ತೊಟ್ಟಿ ತೂತ್ನಲ್ಲಿ ಇಳ್ದೋಯ್ತು. ಬೊಚ್ಚು ಬಾಯಿ ಇಟ್ಕಂಡು ನಿನ್ ನೆಂಟ್ರ ಮುಂದೆ ಎಂಗೋ ಕೂತ್ಕಳ್ಳಿ? ಅದ್ಕೇ ಟವೆಲ್ ಮುಚ್ಕಂಡೆ. ಆಮ್ಯಾಕೆ ನೀನು ಮಾತಾಡ್ಲಿಲ್ಲ. ಛತ್ರದೋರಿಗೆ ಆ ಸೆಟ್ಟು ಸಿಕ್ಕಿ, ನಿಂಗೇಳಿ, ನಾನ್ ಸುಳ್ಳ ಅಂತ ನಿಂಗೆ ಗೊತ್ತಾಗೋಯ್ತು ಅಂದ್ಕಂಡೆ."

ಖಾದರ್ ಬಾಷಾರ ಕುರ್ಚಿ ನಿಧಾನವಾಗಿ ಈ ಕಡೆ ತಿರುಗಿತು.

ಆಗ ರಾಧಾಮಣಿ ಸೆರಗು ಸಿಕ್ಕಿಸಿಕೊಂಡು ಎದ್ದರು. "ಲೈನ್ ಸಿಕ್ಕಿದೆ. ಮಾತಾಡಿ," ಎಂದವರೇ ಒಳಗೆ ಹೋಗಿಬಿಟ್ಟರು. ಆಪರೇಟರ್ ಕದ್ದು ಕೇಳಬಾರದು. ನಾನು ಆಪರೇಟರ್ ಅಲ್ಲವಾದ್ದರಿಂದ ಕುಳಿತೇ ಇದ್ದೆ.

"ಮುದ್ದೆ ತಿಂದ ಹಲ್ಲು!" ಎಂದರು ಖಾದರ್.

"ಮುದ್ದೆ ಈಗ್ಲೂ ತಿಂತೀನಿ."

"ಥೂ ನಿನ್ನ! ಒಂದೂವರೆ ವರ್ಷ ಗುರೂ! ನಾನು ನಮಾಜಲ್ಲಿ ಕೂತ್ರೂ ನಿನ್ ಟವೆಲ್ ಕಾಣ್ಸೋದು. ಒಂದ್ ಮಾತು ಹೇಳಿದ್ರೆ ಬಿರಿಯಾನೀನೇ ಅರೆದು ಕೊಡಿಸ್ತಿದ್ದೆ ಕಣೋ!"

"ನೀನು ಒಂದ್ ಮಾತು ಕೇಳಿದ್ರೆ ಏಳ್ತಿದ್ದೆ."

"ಕೇಳಿದ್ರೆ ಹೇಳ್ತಿದ್ಯಾ?"

ಮುನಿಶಾಮಪ್ಪ ಯೋಚಿಸಿದರು. "ಇಲ್ಲ," ಎಂದರು.

ಖಾದರ್ ನಗಲು ಶುರುಮಾಡಿದರು. ಮುನಿಶಾಮಪ್ಪನ ಬೊಚ್ಚು ನಗೆ ಅದಕ್ಕೆ ಸೇರಿತು. ಎದುರು ಮನೆಯ ನಾಯಿ ಎದ್ದು ಬಂದು ಗೇಟಿನಲ್ಲಿ ನಿಂತಿತು. ಇಬ್ಬರೂ ಕಣ್ಣೊರೆಸಿಕೊಂಡದ್ದು ಒಂದೇ ಟವೆಲಿನಿಂದ, ಅದೇ ಟವೆಲು.

"ಭಾನುವಾರ ಬಾ."

"ಕಾರ್ಡ್ ಇಲ್ದೆ ಬರಲ್ಲ."

ಖಾದರ್ ಜೇಬು ತಡಕಿದರು. ಆಮಂತ್ರಣಗಳು ಖಾಲಿ. ಊಟಕ್ಕೆ ಯಾರನ್ನು ಕರೆಯುತ್ತೀರಿ ಎಂಬ ಪ್ರಶ್ನೆಯ ಕಾರ್ಡು ಕೈಯಲ್ಲೇ ಇತ್ತು. ನನ್ನ ಪೆನ್ನು ಕಿತ್ತುಕೊಂಡು ಅದರ ಹಿಂಬದಿ ಹಾಲ್ ಹೆಸರು, ಹೊತ್ತು ಬರೆದು ಕೊಟ್ಟರು. ಪೆಟ್ಟಿಗೆಯಲ್ಲಿ ಒಂದು ಕಾರ್ಡ್ ಕಡಿಮೆ ಇದೆ ಎಂದು ಸೊಸೆ ಈಗಲೂ ಹುಡುಕುತ್ತಿದ್ದಾಳೆ. ನನ್ನ ಪೆನ್ನೂ ವಾಪಸ್ ಬಂದಿಲ್ಲ.

ರಾಧಾಮಣಿ ಕಾಫಿ ತಂದರು. ಪ್ರತಿ ಭಾನುವಾರ ಅದರ ಜೊತೆ ಕೋಡುಬಳೆ ಇರುತ್ತದೆ. ಅಂದು ಮಾತ್ರ ಮೆತ್ತನೆಯ ಬಿಸಿ ಉಪ್ಪಿಟ್ಟು ಇತ್ತು.

"ಕೇಳಿಸ್ಕೊಂಡ್ರಾ ಮೇಡಂ?" ಎಂದೆ.

"ಛೆ, ರೂಲ್ಸಿಗೆ ವಿರುದ್ಧ," ಎಂದು ಮುನಿಶಾಮಪ್ಪನ ತಟ್ಟೆಗೆ ಇನ್ನೊಂದು ಸೌಟು ಹಾಕಿದರು.

ಮುಂದಿನ ಭಾನುವಾರ ಹಾಲ್‌ನಲ್ಲಿ ನೆಂಟರೆಲ್ಲ ಒಂದು ವಿಚಿತ್ರ ನೋಡಿದರು. ಕೈ ತೊಳೆಯುವ ತೊಟ್ಟಿಯ ಬಳಿ ಮುನಿಶಾಮಪ್ಪ ಬಾಗಿ ಬಾಯಿ ಮುಕ್ಕಳಿಸುತ್ತಿದ್ದರು. ಮಗುವಿನ ಅಜ್ಜ ಖಾದರ್, ಹೊಸ ಶೆರ್ವಾನಿಯ ತೋಳು ಮೇಲಕ್ಕೆ ಮಡಚಿ, ಎರಡೂ ಅಂಗೈಯಿಂದ ತೊಟ್ಟಿಯ ತೂತನ್ನು ಭದ್ರವಾಗಿ ಮುಚ್ಚಿಕೊಂಡು ನಿಂತಿದ್ದರು.

"ಉಗಿಯೋ, ಹೆದರ್ಬೇಡ," ಎನ್ನುತ್ತಿದ್ದರು. "ನಾನ್ ಹಿಡ್ಕೊಂಡಿದೀನಿ."