ಲುಬೋವ ಕೇಳಿದ ಒಂದು ದಿನ

ಲುಬೋವನನ್ನು ಅವನೇ ಬಡಿದು ಹದ ಮಾಡಿದ ತೊಗಟೆಬಟ್ಟೆಯಲ್ಲಿ ಸುತ್ತಿ ಮಣ್ಣು ಮಾಡಿ ಹದಿನೇಳು ದಿನವಾಯಿತು. ಅಂದು ಮಾತಾಡಲು ಎದ್ದು ನಿಂತವರೆಲ್ಲ ಅವನನ್ನು ಮಾತಿನ ಮಲ್ಲ ಎಂದು ಹೊಗಳಿದರು. ಸುಳ್ಳಲ್ಲ, ಆದರೆ ಅರ್ಧ. ಇನ್ನರ್ಧವನ್ನೂ ಹೇಳದಿದ್ದರೆ ಅವನನ್ನು ಎರಡು ಸಲ ಕಳೆದುಕೊಂಡಂತೆ.

ಮಸಾಕ ಪಟ್ಟಣದ ಹತ್ತಿರದ ನಮ್ಮ ಹಳ್ಳಿಯಲ್ಲಿ ಅವನ ಕಸುಬು ಮರದ ತೊಗಟೆ ಸುಲಿದು, ಕೊಡತಿಯಿಂದ ಬಡಿದು ಬಟ್ಟೆ ಮಾಡುವುದು. ಇಡೀ ದಿನ ಕೊಡತಿಯ ಸದ್ದು ಬಿಟ್ಟರೆ ಅವನಿಂದ ಇನ್ನೊಂದು ಸದ್ದಿಲ್ಲ. ಆದರೆ ಹೆಣ್ಣಿನ ಮನೆಯಂಗಳದಲ್ಲಿ ಗಂಡಿನ ಕಡೆಯ ಮಾತುಗಾರನಾಗಿ ನಿಂತರೆ ಆಳೇ ಬೇರೆ. ಅಲ್ಲಿ ಮದುವೆಗಂಡು ಬಾಯಿ ತೆರೆಯುವಂತಿಲ್ಲ. ಹೆಣ್ಣಿನ ಕಡೆಯ ಮಾತುಗಾರ ಕೆಣಕುತ್ತಾನೆ, ಹಂಗಿಸುತ್ತಾನೆ, ನೀವ್ಯಾರೋ ದಾರಿ ತಪ್ಪಿ ಬಂದವರು ಎನ್ನುತ್ತಾನೆ. ಅವನನ್ನು ಮಾತಿನಲ್ಲಿ ಗೆದ್ದರೆ ಹೆಣ್ಣು ಹೊರಗೆ ಬರುತ್ತಾಳೆ. ಸೋತರೆ ಇಡೀ ಕುಲ ಊರವರ ಬಾಯಿಗೆ ಬೀಳುತ್ತದೆ.

ಇಂಥ ಮಾತುಗಾರನನ್ನು ಹಿಂದಿನ ದಿನವೇ ಕರೆತಂದು, ನೆಂಟರ ನಡುವೆ ಕೂರಿಸಿ, ಬಾಳೆಹಣ್ಣಿನ ಬೀರು ಕುಡಿಸಿ, ಬಿಡದೆ ಮಾತಾಡಿಸುವುದು ನಮ್ಮವರ ವಾಡಿಕೆ. ನಾಲಿಗೆ ಬಿಸಿಯಾಗಿರಬೇಕಂತೆ. ಒಮ್ಮೆ ಹಾಗೆ ಬಿಸಿ ಮಾಡಿಸಿಕೊಂಡು ಹೋದ ಲುಬೋವನಿಗೆ ಸಭೆಯಲ್ಲಿ ಹೆಣ್ಣಿನ ಕುಲದ ಹೆಸರೇ ಹೊಳೆಯಲಿಲ್ಲ. ಅಂಗಳವೇ ನಕ್ಕಿತು. ಮೂರು ವರ್ಷ ಅವನು ಯಾರ ಕರೆಗೂ ಓಗೊಡಲಿಲ್ಲ.

"ಹೊರಗೆ ನಗಾರಿ, ಒಳಗೆ ಬಾಯಿ ಕಟ್ಟಿದ ಗಡಿಗೆ," ಎಂದು ಹೆಂಡತಿ ನಕಾಜಿಬ್ವೆ ಚುಚ್ಚುತ್ತಿದ್ದಳು. "ಇಬ್ಬರಲ್ಲಿ ನೀವು ಯಾರು ಅಂತ ಹೇಳ್ಬಿಡಿ, ಅವನ ಜೊತೆ ಸಂಸಾರ ಮಾಡ್ತೀನಿ."

ಅವನಿಗೂ ಗೊತ್ತಿರಲಿಲ್ಲ. ತಾನು ಜನರೆಂದರೆ ಆಗದವನೋ, ಜನರಿಲ್ಲದೆ ಆಗದವನೋ? ಒಂದು ಬೆಳಿಗ್ಗೆ, ತೊಗಟೆ ಸುಲಿದ ಮರದ ಬೆತ್ತಲೆ ಕಾಂಡಕ್ಕೆ ಬಾಳೆಲೆ ಸುತ್ತುತ್ತಿದ್ದಾಗ ಅವನ ಕೈ ನಿಂತಿತು. ಹೀಗೆ ಮುಚ್ಚಿ ಬಿಟ್ಟರೆ ಹೊಸ ತೊಗಟೆ ಬರುತ್ತದೆ, ಮತ್ತೆ ಸುಲಿಯಬಹುದು. ಬಿಡದೆ ಸುಲಿದರೆ ಮರವೇ ಹೋಗುತ್ತದೆ. ತನಗೆ ಸಭೆ ಬೇಕು; ಸಭೆಯ ಆಚೆ ಈಚೆ ಯಾರೂ ಇಲ್ಲದ ದಿನಗಳೂ ಬೇಕು. ಅವನು ಎಲೆ ಅಲ್ಲೇ ಬಿಟ್ಟು ಮನೆಗೆ ಓಡಿದ.

"ನಾನು ನಗಾರಿಗೂ ಗಡಿಗೆಗೂ ನಡುವಿನವನು ಕಣೇ!"

"ಇದಕ್ಕೆ ಇಷ್ಟು ವರ್ಷ ಬೇಕಾಯ್ತಾ? ನನ್ನ ಕೇಳಿದ್ರೆ ಮದುವೆಯಾದ ವಾರಕ್ಕೇ ಹೇಳ್ತಿದ್ದೆ."

ಆ ವರ್ಷವೇ ಕಯೆಂಬ ಎಂಬ ಅವನ ಬಾಲ್ಯದ ಗೆಳೆಯ, ಗಾರೆ ಕೆಲಸದವನು, ಮಾತುಗಾರನಾಗಿ ಬಾ ಎಂದು ಕೇಳಲು ಮನೆಗೆ ಬಂದ. ನಾಂತುಮೆ ಎಂಬ ಮೇಷ್ಟ್ರಮ್ಮನನ್ನು ಮೆಚ್ಚಿದ್ದ. ಅವಳೂ ಒಪ್ಪಿದ್ದಳು. ಅವಳಪ್ಪ ಮಾತ್ರ, "ಒಂದೇ ಅವಕಾಶ. ಅಂಗಳದಲ್ಲಿ ಸೋತವನಿಗೆ ನನ್ನ ಮಗಳಿಲ್ಲ," ಎಂದಿದ್ದ. ಅವರ ಮಾತುಗಾರ ಎಂಪಾಗಿ ಎಂಬವನು, ಎದುರಾಳಿಗಳನ್ನು ಅಳಿಸಿ ಕಳಿಸಿದವನು.

"ಬರ್ತೀನಿ," ಎಂದ ಲುಬೋವ. "ಆದ್ರೆ ಹಿಂದಿನ ದಿನ ನಿಮ್ಮನೆಗೆ ಬರಲ್ಲ. ಯಾರೂ ನನ್ನ ಮಾತಾಡಿಸ್ಬಾರ್ದು. ಒಬ್ಬನೇ ನಡ್ಕೊಂಡು ಅವರ ಬಾಗಿಲಿಗೆ ಬರ್ತೀನಿ."

ಕಯೆಂಬನ ಸೋದರತ್ತೆ ಹಣೆ ಚಚ್ಚಿಕೊಂಡಳು. "ನಾಲಿಗೆ ಬಿಸಿ ಮಾಡದೆ ಎಂಪಾಗಿ ಮುಂದೆ ನಿಲ್ತೀಯೇನೋ? ನಮ್ಮ ಹುಡುಗನ ಬಾಳು ಕಣೋ ಅದು!"

ಹಿಂದಿನ ದಿನವೆಲ್ಲ ಒಬ್ಬನೇ ಕಳೆದು, ಹೆಣ್ಣು ಕೇಳುವ ದಿನ ಜೌಗಿನ ದಾರಿಯಲ್ಲಿ ಲುಬೋವ ನಿಧಾನವಾಗಿ ನಡೆದ. ಒಂದು ಮಾತನ್ನೂ ಬಾಯಿಪಾಠ ಮಾಡಲಿಲ್ಲ. ಹೆಣ್ಣಿನ ಮನೆ ಬಾಗಿಲ ಬಳಿ ಗಂಡಿನ ಕಡೆಯ, ಬಿಳಿ ನಿಲುವಂಗಿಯ ಐವತ್ತು ಜನ ದಾರಿ ನೋಡುತ್ತಿದ್ದರು.

"ಬಂದ್ನಪ್ಪಾ ಮಹಾರಾಯ!" ಎಂದಳು ಆ ಸೋದರತ್ತೆ. ಅವನು ಕೈಮುಗಿದು ಮುಂದಿನ ಸಾಲಿನಲ್ಲಿ ಕುಳಿತ.

ಎಂಪಾಗಿ ಜಗಲಿ ಹತ್ತಿ ಶುರು ಮಾಡಿದ. "ಇದೇನ್ರಯ್ಯಾ, ಮೂಗನ್ನ ಕರ್ಕೊಂಡು ಬಂದಿದ್ದೀರಾ? ನಮ್ಮ ಹುಡುಗಿ ಓದಿದವಳು. ನಿಮ್ಮ ಹುಡುಗನ ಕೈಯಲ್ಲಿ ಸಿಮೆಂಟು ಬಿಟ್ರೆ ಏನಿದೆ?"

ಹಿಂದಿನ ಲುಬೋವನಾಗಿದ್ದರೆ ಮಾತಿಗೆ ಮಾತು ಎಸೆಯುತ್ತಿದ್ದ. ಈಗ ಅವನೊಳಗೆ ಜಾಗವಿತ್ತು. ಬಂದದ್ದನ್ನೆಲ್ಲ ಅಲ್ಲಿ ಇಳಿಸಿಕೊಂಡ. ಕಯೆಂಬ ನೆಲ ನೋಡಿದ. ಎಂಪಾಗಿ ಹಾರಿದ, ಕುಣಿದ, ಹೇಳಿದ್ದನ್ನೇ ಮತ್ತೆ ಹೇಳಿದ. ಕೊನೆಗೆ ಉಸಿರು ಬೇಕಾಗಿ ನಿಂತ.

ಲುಬೋವ ಎದ್ದ.

"ಅಯ್ಯಾ, ಹನ್ನೊಂದು ಬೈಗುಳ ಕೇಳಿದೆ. ನಾಲ್ಕು ಎರಡೆರಡು ಸಲ ಬಂದ್ವು." ಹೆಂಗಸರ ಕಡೆ ಯಾರೋ ಕಿಸಕ್ಕೆಂದರು. "ಸಿಮೆಂಟಿನ ಕೈ ಅಂದ್ರಿ. ನೀವು ನಿಂತಿರೋ ಜಗಲಿ ಯಾರು ಕಟ್ಟಿದ್ದು ಅಂತ ಮನೆ ಯಜಮಾನರನ್ನ ಕೇಳಿ."

ನಾಂತುಮೆಯ ಅಪ್ಪನ ಮೀಸೆ ಅಲುಗಿತು. ಎರಡು ವರ್ಷದ ಹಿಂದೆ ಕಯೆಂಬನೇ ಕಟ್ಟಿದ್ದ.

"ಬೆಳಿಗ್ಗೆಯಿಂದ ಅದರ ಮೇಲೆ ಕುಣೀತಿದ್ದೀರಿ. ಒಂದು ಬಿರುಕು ತೋರಿಸಿ, ನಾವು ವಾಪಸ್ ಹೋಗ್ತೀವಿ."

ಎಂಪಾಗಿ ಕಾಲಡಿ ನೋಡಿಯೇಬಿಟ್ಟ. ನೋಡಿದ್ದೇ ತಡ, ಅಂಗಳ ಭೋರೆಂದು ನಕ್ಕಿತು. ನಾಂತುಮೆಯ ಅಪ್ಪ ಕಣ್ಣೊರೆಸಿಕೊಳ್ಳುವಷ್ಟು ನಕ್ಕ. ಎಂಪಾಗಿ ಎರಡೂ ಕೈ ಎತ್ತಿದ. "ಸೋತೆ ಕಣಯ್ಯಾ! ಹುಡುಗೀನ ಕರೀರಿ!" ಹೆಂಗಸರ 'ಉಲುಲು' ಎಂಬ ಹರ್ಷದ ಕೂಗು ಮುಗಿಲು ಮುಟ್ಟಿತು.

ಊಟಕ್ಕೆ ಕೂತಾಗ ಎಲ್ಲರಿಗೂ ಲುಬೋವ ಬೇಕು. ಅವನು ಕಡಲೆಕಾಯಿ ಸಾರಿನಲ್ಲಿ ಬೆಂದ ಬಾಳೆಕಾಯಿ ಕಲಸಿ ಹೊಟ್ಟೆ ತುಂಬ ಉಂಡು, ಇನ್ನೂ ನಾಲ್ಕು ಸಲ ನಗಿಸಿ, ಎದ್ದ.

"ಅತ್ತೆ, ಇನ್ನು ಮೂರು ದಿನ ನನ್ನ ಹುಡುಕಬೇಡಿ."

"ಹುಡುಕಿದವರ ಕಾಲು ಮುರೀತೀನಿ. ಹೋಗಪ್ಪಾ, ರಾಜ!"

ಆಮೇಲೆ ಹತ್ತೊಂಬತ್ತು ವರ್ಷ ಅವನು ಯಾವ ಅಂಗಳದಲ್ಲೂ ಸೋಲಲಿಲ್ಲ, ಯಾವ ಹಿಂದಿನ ದಿನವನ್ನೂ ಬಿಟ್ಟುಕೊಡಲಿಲ್ಲ. ಈಗ ನಮ್ಮ ಕಡೆ ಮಾತುಗಾರನನ್ನು ಗೊತ್ತು ಮಾಡಲು ಹೋದವರು ಬೀರಿನ ಮಡಕೆ ಇಳಿಸುವ ಮೊದಲೇ ಕೇಳುತ್ತಾರೆ: "ನಿಮಗೆ ಎಷ್ಟು ದಿನ ಬೇಕು, ಸ್ವಾಮಿ?"